ಗಣಕಕ್ಕೆ ಕನ್ನಡ ಬರುತ್ತದೆ, ಕಲಿಸುವವರು ಬೇಕಾಗಿದ್ದಾರೆ

(ವಿಜಯಪುರದಲ್ಲಿ ಸೇರಿದ್ದ ತರುಣ ಕಾರ್ಯಕರ್ತರ ಮುಂದೆ ಆಡಿದ ಮಾತಿನ ಬರಹರೂಪ. ಸಭೆಗೆ ಬರಲಾಗದ ಓದುಗರಿಗೂ ಈ ಕರೆ ಸಲ್ಲುತ್ತದೆ.)



ಕನ್ನಡಕ್ಕಾಗಿ ಪ್ರಾಣ ಕೊಡುತ್ತೇವೆ ಎಂದು ವೇದಿಕೆ ಮೇಲೆ ನಿಂತು ಹೇಳುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ನಿಮ್ಮ ಪ್ರಾಣವನ್ನು ಯಾರೂ ಕೇಳುತ್ತಿಲ್ಲ. ನಾನು ಇವತ್ತು ಕೇಳಲು ಬಂದಿರುವುದು ಹನ್ನೆರಡು ಶನಿವಾರಗಳನ್ನು. ಮಧ್ಯಾಹ್ನ ಎರಡು ತಾಸು. ಅದನ್ನು ಕೊಡುವವರು ಎಷ್ಟು ಜನ ಎಂದು ಮಾತಿನ ಕೊನೆಗೆ ಕೇಳುತ್ತೇನೆ. ಈಗಲೇ ಚಪ್ಪಾಳೆ ಬೇಡ.

ನಮ್ಮ ಹೋರಾಟದ ಲೆಕ್ಕ ನಿಮಗೆ ಗೊತ್ತಿದೆ. 1982ರಲ್ಲಿ ಗೋಕಾಕ್ ವರದಿಗಾಗಿ ಇಡೀ ನಾಡು ಬೀದಿಗಿಳಿಯಿತು. 1986ರಲ್ಲಿ ಸರೋಜಿನಿ ಮಹಿಷಿ ವರದಿ ಬಂತು, ಕನ್ನಡಿಗರಿಗೆ ಉದ್ಯೋಗ ಎಂಬ ಮಾತು ಕಾಗದದ ಮೇಲೆ ಬಂತು. ಅಲ್ಲಿಂದ ಇಲ್ಲಿಯವರೆಗೆ ಆ ವರದಿಯ ಜಾರಿಗೆ ಒತ್ತಾಯಿಸುತ್ತಲೇ ಇದ್ದೇವೆ. 2024ರ ಜುಲೈನಲ್ಲಿ ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ಸಚಿವ ಸಂಪುಟ ಒಪ್ಪಿತು. ಉದ್ಯಮಿಗಳು ಗದ್ದಲ ಮಾಡಿದರು. ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಲಾಯಿತು. ಅದೇ ವರ್ಷ ಅಂಗಡಿಗಳ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕೆಂಬ ಕಾನೂನು ಬಂತು. ಅದು ನಮ್ಮ ಹೋರಾಟದ ಫಲ. ಫಲಕ ಕನ್ನಡವಾಯಿತು. ಆದರೆ ಆ ಫಲಕದ ಹಿಂದೆ ಕುಳಿತು ಕಂಪ್ಯೂಟರ್ ನಡೆಸುವವನು ಕನ್ನಡ ಶಾಲೆಯಲ್ಲಿ ಓದಿದ ಹುಡುಗನೇ? ತಿಕೋಟಾದ ಹುಡುಗಿಯೇ? ಈ ಪ್ರಶ್ನೆಯನ್ನು ನಾವು ನಮಗೇ ಕೇಳಿಕೊಂಡಿಲ್ಲ.

ಉದ್ಯೋಗ ಕೊಡಿ ಎಂದು ಕೇಳುವುದು ನಮ್ಮ ಹಕ್ಕು. ಆ ಬೇಡಿಕೆಯನ್ನು ಒಂದು ದಿನವೂ ಬಿಡಬಾರದು. ಆದರೆ ಕೊಡದೇ ಇರುವವರ ಕೈಗೆ ನಾವೇ ಒಂದು ನೆಪ ಕೊಡುತ್ತಿದ್ದೇವೆ. "ನಿಮ್ಮ ಹುಡುಗರಿಗೆ ಕಂಪ್ಯೂಟರ್ ಬರುವುದಿಲ್ಲ" ಎನ್ನುತ್ತಾರೆ ಅವರು. ಆ ನೆಪವನ್ನು ಕಿತ್ತುಕೊಳ್ಳುವ ಕೆಲಸ ನಮ್ಮದು.

ಸತ್ತುಹೋದ ಒಂದು ಸುಳ್ಳು

ಗಣಕಯಂತ್ರಕ್ಕೆ ಇಂಗ್ಲಿಷ್ ಮಾತ್ರ ಬರುತ್ತದೆ ಎಂಬ ಮಾತನ್ನು ನಮ್ಮ ಹಿರಿಯರು ಕೇಳಿ ಕೇಳಿ ಸೋತಿದ್ದರು. ಆ ಸುಳ್ಳನ್ನು ಕನ್ನಡಿಗರೇ ಕೊಂದರು. ಕೆ.ಪಿ. ರಾವ್ ಅವರು ಕನ್ನಡದ ಧ್ವನಿಗೆ ಹೊಂದುವ ಕೀಲಿಮಣೆ ವಿನ್ಯಾಸ ರೂಪಿಸಿದರು. 1991ರಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡ ಲಿಪಿ ಸೇರಿತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಪೂರ್ಣಚಂದ್ರ ತೇಜಸ್ವಿಯವರು ಕಥೆ ಬರೆಯುವ ಹೊತ್ತಿನಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಓಡಾಡಿದರು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. ಇವತ್ತು ನಿಮ್ಮ ಜೇಬಿನಲ್ಲಿರುವ ಫೋನು ಕನ್ನಡದಲ್ಲಿ ಹೇಳಿದ್ದನ್ನು ಬರೆದುಕೊಳ್ಳುತ್ತದೆ.

ಇನ್ನೂ ಒಂದು ಸಂಗತಿ ಹೇಳುತ್ತೇನೆ, ಎಂಜಿನಿಯರಿಂಗ್ ಓದುವವರಿಗೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೂರನೇ ಆವೃತ್ತಿ 2008ರಲ್ಲಿ ಬಂತು. ಅದರಲ್ಲಿ ನಾವು ಇಡುವ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಡಬಹುದು. 'ಬೆಲೆ' ಎಂಬ ಹೆಸರಿಗೆ 180, 'ತೂಕ' ಎಂಬ ಹೆಸರಿಗೆ 25 ಎಂದು ಬರೆದು, ಎರಡನ್ನೂ ಗುಣಿಸು ಎಂದರೆ ಅದು 4500 ಎಂದು ಉತ್ತರ ಕೊಡುತ್ತದೆ. ಆಜ್ಞೆಯ ಹತ್ತಿಪ್ಪತ್ತು ಪದಗಳು ಇಂಗ್ಲಿಷಿನವು, ನಿಜ. ಅವನ್ನು ಒಂದು ವಾರದಲ್ಲಿ ಕಲಿಯಬಹುದು. ಉಳಿದ ಯೋಚನೆಯೆಲ್ಲ ನಮ್ಮ ಭಾಷೆಯಲ್ಲೇ ನಡೆಯಬಹುದು. ಹಾಗಿದ್ದರೆ ತಡೆ ಎಲ್ಲಿದೆ?

ತಡೆ ಇರುವುದು ದಾರಿಯಲ್ಲಿ. ವಿಜಯಪುರದಿಂದ ಪಶ್ಚಿಮಕ್ಕೆ ಅಥಣಿ ರಸ್ತೆ ಹಿಡಿದರೆ ತಿಕೋಟಾ, ಜಮಖಂಡಿ ದಾರಿ ಹಿಡಿದರೆ ಬಬಲೇಶ್ವರ. ಎರಡೂ ಇಪ್ಪತ್ತು-ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು. ಈಗ ಎರಡೂ ತಾಲ್ಲೂಕು ಕೇಂದ್ರಗಳು. ನಗರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಎಂಜಿನಿಯರಿಂಗ್ ಕಾಲೇಜಿದೆ, ಸೆಕಾಬ್ ಎಂಜಿನಿಯರಿಂಗ್ ಕಾಲೇಜಿದೆ, ತೊರವಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಕಂಪ್ಯೂಟರ್ ಬಲ್ಲ ತರುಣ ತರುಣಿಯರು ಸಾವಿರಾರು ಜನ ಇಲ್ಲಿದ್ದಾರೆ. ಅವರಿಂದ ಒಂದು ತಾಸಿನ ಬಸ್ ದಾರಿಯಲ್ಲಿ ಎಂಟನೇ ತರಗತಿಯ ಮಗು ಕಂಪ್ಯೂಟರಿನ ಪಾಠವನ್ನು ಪುಸ್ತಕದಲ್ಲಿ ಓದಿ, ಚಿತ್ರ ಬರೆದು, ಭಾಗಗಳನ್ನು ಹೆಸರಿಸಿ ಅಂಕ ಪಡೆಯುತ್ತದೆ. ಸೈಕಲ್ಲಿನ ಚಿತ್ರ ಬರೆದು ಸೈಕಲ್ ಕಲಿತವರು ಎಲ್ಲಾದರೂ ಇದ್ದಾರೆಯೆ?

ಯಂತ್ರ ಕೊಟ್ಟರೆ ಸಾಕು ಎನ್ನುವವರಿಗೂ ಉತ್ತರವಿದೆ. 2000ರ ದಶಕದ ಆರಂಭದಲ್ಲಿ 'ಮಾಹಿತಿ ಸಿಂಧು' ಎಂಬ ಹೆಸರಿನಲ್ಲಿ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೊಟ್ಟರು. ಆಮೇಲೆ ಬೇರೆ ಬೇರೆ ಹೆಸರಿನ ಯೋಜನೆಗಳು ಬಂದವು. ಪಕ್ಕದಲ್ಲಿ ಕುಳಿತು ಕಲಿಸುವ ಮನುಷ್ಯ ಇಲ್ಲದ ಕಡೆ ಯಂತ್ರಕ್ಕೆ ಬಟ್ಟೆ ಹೊದಿಸಿ, ಕೋಣೆಗೆ ಬೀಗ ಹಾಕುವುದೇ ಗತಿ. ಹಾಳಾದರೆ ಮೇಷ್ಟ್ರು ಉತ್ತರ ಹೇಳಬೇಕಲ್ಲ!

ಇದು ಹಳಕಟ್ಟಿಯವರ ಊರು

ಈ ಊರಿನಲ್ಲಿ ನಿಂತು ಇದು ಆಗದ ಕೆಲಸ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಫ.ಗು. ಹಳಕಟ್ಟಿಯವರು ಧಾರವಾಡದಲ್ಲಿ ಹುಟ್ಟಿ, ಇಲ್ಲಿಗೆ ವಕೀಲಿಕೆಗೆ ಬಂದವರು. ಊರೂರು ಅಲೆದು ತಾಡೋಲೆಗಳನ್ನು ಕೂಡಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಯಿತು. ಬೇರೆಯವರ ಮುದ್ರಣಾಲಯವನ್ನು ನೆಚ್ಚಿಕೊಂಡರೆ ಕೆಲಸ ಸಾಗುವುದಿಲ್ಲ ಎಂದು 1925ರಲ್ಲಿ ಇದೇ ಊರಿನಲ್ಲಿ 'ಹಿತಚಿಂತಕ' ಮುದ್ರಣಾಲಯ ಹಾಕಿದರು. 1926ರಲ್ಲಿ 'ಶಿವಾನುಭವ', 1927ರಲ್ಲಿ 'ನವಕರ್ನಾಟಕ' ಪತ್ರಿಕೆ ಹೊರಟವು. ಆ ಕಾಲಕ್ಕೆ ಅಚ್ಚಿನ ಯಂತ್ರವೇ ಹೊಸ ತಂತ್ರಜ್ಞಾನ. ಹಳಕಟ್ಟಿಯವರು ಆ ಯಂತ್ರವನ್ನು ಕನ್ನಡದ ಕೈಗೆ ಕೊಟ್ಟರು, ಸರ್ಕಾರದ ಆದೇಶಕ್ಕೆ ಕಾಯುತ್ತ ಕೂರಲಿಲ್ಲ. ಅವರ ಹೆಸರನ್ನು ಕಾಲೇಜಿಗೆ, ರಸ್ತೆಗೆ ಇಟ್ಟಿದ್ದೇವೆ. ಅವರ ಕೆಲಸವನ್ನು ಮುಂದುವರಿಸುವವರು ಯಾರು?

ಹೊರಗೆ ಕೂಡ ನೋಡಿ. 2011ರಲ್ಲಿ ಐರ್ಲೆಂಡಿನ ಕಾರ್ಕ್ ಎಂಬ ಊರಿನಲ್ಲಿ ಜೇಮ್ಸ್ ವೆಲ್ಟನ್ ಎಂಬ ತರುಣ, ಬಿಲ್ ಲಿಯಾವೊ ಎಂಬ ಉದ್ಯಮಿ ಸೇರಿ 'ಕೋಡರ್ ಡೋಜೊ' ಎಂಬ ಮಕ್ಕಳ ಕೂಟ ಶುರುಮಾಡಿದರು. ಶುಲ್ಕವಿಲ್ಲ, ಸಂಬಳದ ಮೇಷ್ಟ್ರಿಲ್ಲ, ಊರಿನ ಸ್ವಯಂಸೇವಕರೇ ಕಲಿಸುವವರು. ಅದು ಹತ್ತಾರು ದೇಶಗಳಿಗೆ ಹಬ್ಬಿತು. ನಮ್ಮ ಬೆಂಗಳೂರಿನಲ್ಲಿ ಸ್ವತಂತ್ರ ತಂತ್ರಾಂಶ ಚಳವಳಿಯ ಗೆಳೆಯರು ಬನ್ನೇರುಘಟ್ಟ ರಸ್ತೆಯ ಕಡೆಯ ಒಂದು ಕೊಳೆಗೇರಿಯಲ್ಲಿ ಅಂಬೇಡ್ಕರ್ ಹೆಸರಿನ ಸಮುದಾಯ ಗಣಕ ಕೇಂದ್ರ ನಡೆಸಿದರು. ಹಳೆಯ ಕಂಪ್ಯೂಟರ್‌ಗಳು, ಬಿಟ್ಟಿಯಾಗಿ ಸಿಗುವ ತಂತ್ರಾಂಶ, ರಜೆಯ ದಿನ ಬಂದು ಕಲಿಸುವ ಕಾಲೇಜು ಹುಡುಗರು, ಅಷ್ಟೇ ಅವರ ಬಂಡವಾಳ. ಬೆಂಗಳೂರಿನ ಕೊಳೆಗೇರಿಯಲ್ಲಿ ಆದದ್ದು ಬಬಲೇಶ್ವರದಲ್ಲಿ ಆಗುವುದಿಲ್ಲವೆ?

ಯಾರು ಬೇಕು, ಎಷ್ಟು ಜನ ಬೇಕು

ಈಗ ಲೆಕ್ಕಕ್ಕೆ ಬರೋಣ. ಒಂದು ಗುಂಪಿಗೆ 15 ಮಕ್ಕಳು, ಮೂವರು ಮಾರ್ಗದರ್ಶಕರು. ಐದು ಮಕ್ಕಳಿಗೆ ಒಬ್ಬ ಅಣ್ಣ ಅಥವಾ ಅಕ್ಕ. ನಗರದಲ್ಲಿ ಎರಡು, ತಿಕೋಟಾ ಕಡೆ ಎರಡು, ಬಬಲೇಶ್ವರ ಕಡೆ ಎರಡು, ಒಟ್ಟು ಆರು ಗುಂಪು. ಮಕ್ಕಳು 90. ಮಾರ್ಗದರ್ಶಕರು 18. ಜ್ವರ, ಪರೀಕ್ಷೆ, ಮದುವೆ ಎಂದು ತಪ್ಪಿಸಿಕೊಳ್ಳುವವರ ಬದಲಿಗೆ ಇನ್ನೂ 6 ಜನ. ಒಟ್ಟು 24. ಇದಕ್ಕಿಂತ ದೊಡ್ಡದಾಗಿ ಶುರುಮಾಡಬೇಡಿ. ಉದ್ಘಾಟನೆಗೆ ಐದುನೂರು ಜನ ಸೇರಿ, ಮೂರನೇ ವಾರ ಬಾಗಿಲು ಮುಚ್ಚಿದ ಕಾರ್ಯಕ್ರಮಗಳನ್ನು ನೀವೂ ನೋಡಿದ್ದೀರಿ.

ಯಾರನ್ನು ಕರೆಯಬೇಕು? ಎಲ್ಲಕ್ಕಿಂತ ಮೊದಲು, ತಾನು ಸ್ವತಃ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ ಈಗ ಕಾಲೇಜಿನಲ್ಲಿರುವ ಹುಡುಗ ಹುಡುಗಿಯರನ್ನು. ಪಿ.ಯು.ಸಿ.ಯ ಮೊದಲ ದಿನ ಇಂಗ್ಲಿಷ್ ಪಾಠ ತಲೆಯ ಮೇಲೆ ಹಾದುಹೋದಾಗ ಆಗುವ ಸಂಕಟ ಅವರಿಗೆ ಗೊತ್ತು. ಎಂಟನೇ ತರಗತಿಯ ಮಗು ಎಲ್ಲಿ ಹೆದರುತ್ತದೆ ಎಂಬುದೂ ಅವರಿಗೇ ಗೊತ್ತು. ಆಮೇಲೆ ಪಾಲಿಟೆಕ್ನಿಕ್, ಐ.ಟಿ.ಐ. ಹುಡುಗರು, ಮೊಬೈಲ್ ರಿಪೇರಿ ಮಾಡುವವರು, ನಿವೃತ್ತ ಬ್ಯಾಂಕ್ ನೌಕರರು, ಡಿ.ಟಿ.ಪಿ. ಅಂಗಡಿಯವರು. ಕನ್ನಡ ಬೆರಳಚ್ಚಿನಲ್ಲಿ ಡಿ.ಟಿ.ಪಿ. ಅಂಗಡಿಯ ಹುಡುಗನಿಗಿರುವ ವೇಗ ಎಷ್ಟೋ ಎಂಜಿನಿಯರಿಗಿಲ್ಲ.

ಹೆಣ್ಣುಮಕ್ಕಳ ಬಗ್ಗೆ ಬೇರೆಯಾಗಿ ಹೇಳಬೇಕು. 2011ರ ಜನಗಣತಿಯಲ್ಲಿ ಈ ಜಿಲ್ಲೆಯ ಸಾಕ್ಷರತೆ ಶೇಕಡಾ 67ರಷ್ಟು. ಹೆಣ್ಣುಮಕ್ಕಳದ್ದು 57ರ ಆಸುಪಾಸು. ಮುಂದೆ ಕುಳಿತು ಕಲಿಸುವ ಅಕ್ಕನನ್ನು ಕಂಡರೆ ಮಾತ್ರ ಹಿಂದಿನ ಸಾಲಿನ ಹುಡುಗಿ ಕೀಲಿಮಣೆ ಮುಟ್ಟುತ್ತಾಳೆ. ಆದ್ದರಿಂದ 24ರಲ್ಲಿ 12 ಜನ ಹೆಣ್ಣುಮಕ್ಕಳೇ ಇರಬೇಕು. ಬಸ್ಸಿನ ಖರ್ಚಿನ ಮಾತು ಎತ್ತಬೇಡಿ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಟಿಕೆಟ್ ಇಲ್ಲ. ಗಂಡುಹುಡುಗರ ಬಸ್ ಖರ್ಚು ಸಂಘಟನೆಯದು. ಒಂದು ಫ್ಲೆಕ್ಸ್ ಕಡಿಮೆ ಹಾಕಿಸಿ, ಅದೇ ಹಣ ಸಾಕು!

ಕರೆಯುವುದು ಹೇಗೆ? ಕರಪತ್ರ ಹಂಚಿದರೆ ಬರುವುದಿಲ್ಲ. ಕಾಲೇಜಿನ ಹಾಸ್ಟೆಲ್ಲಿಗೆ ಸಂಜೆ ಹೋಗಿ, ಒಬ್ಬೊಬ್ಬರ ಜೊತೆ ಮಾತಾಡಬೇಕು. 40 ಜನರ ಜೊತೆ ಮಾತಾಡಿದರೆ 24 ಸಿಗಬಹುದು. ಅವರಿಗೆ ಮೂರು ಪ್ರಶ್ನೆ ಕೇಳಿ. ಒಂದು, ಹನ್ನೆರಡೂ ಶನಿವಾರ ಬರುತ್ತೀರಾ? ಎರಡು, ಯಾಕೆ ಬರುತ್ತೀರಿ? ಮೂರು, ಒಂದು ಮಗು ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೆ ಏನು ಮಾಡುತ್ತೀರಿ? ಅಂಕಪಟ್ಟಿ ನೋಡಬೇಡಿ. ಮೂರನೇ ಪ್ರಶ್ನೆಗೆ ಅವರ ಮುಖ ನೋಡಿ.

ಕಲಿಸುವವರಿಗೆ ಕಲಿಸುವುದು

ತನಗೆ ಬರುತ್ತದೆ ಎಂದ ಮಾತ್ರಕ್ಕೆ ಕಲಿಸಲು ಬರುತ್ತದೆ ಎಂದು ತಿಳಿಯಬೇಡಿ. ನಾಲ್ಕು ಭಾನುವಾರ ಮಾರ್ಗದರ್ಶಕರಿಗೇ ತರಬೇತಿ ಇರಲಿ.

ಮೊದಲ ಭಾನುವಾರ ಕನ್ನಡ ಬೆರಳಚ್ಚು. ಯೂನಿಕೋಡ್‌ನಲ್ಲಿ ಒತ್ತಕ್ಷರ ಮೂಡಿಸಲು ಬಾರದವರು ಕನ್ನಡದಲ್ಲಿ ಗಣಕ ಕಲಿಸುವುದೆಂತು? ನಮ್ಮಲ್ಲೇ ಎಷ್ಟು ಜನ ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಬಳಸಿ ಕನ್ನಡ ಬರೆಯುತ್ತೀರಿ ಎಂದು ಕೇಳಿದರೆ ಅರ್ಧ ಸಭೆ ತಲೆ ತಗ್ಗಿಸಬೇಕಾದೀತು.

ಎರಡನೇ ಭಾನುವಾರ, ಕೈ ಹಿಂದೆ ಕಟ್ಟಿಕೊಂಡು ಕಲಿಸುವುದು. ಮಗುವಿನ ಕೈಯಿಂದ ಮೌಸ್ ಕಸಿದುಕೊಂಡು "ಹಿಂಗ ಮಾಡೂದು ನೋಡು" ಎಂದು ತಾನೇ ಮಾಡಿ ತೋರಿಸುವುದು ಎಲ್ಲ ಬುದ್ಧಿವಂತರ ರೋಗ. ಮಾರ್ಗದರ್ಶಕರು ಮೌಸ್ ಮುಟ್ಟಕೂಡದು. ಬಾಯಲ್ಲಿ ಹೇಳಬೇಕು, ಮಗುವೇ ಮಾಡಬೇಕು. ಇನ್ನೊಂದು ನಿಯಮ: ಮಗು ಮೊದಲು ಪಕ್ಕದ ಮೂವರು ಗೆಳೆಯರನ್ನು ಕೇಳಲಿ, ಆಮೇಲೆ ನಿಮ್ಮನ್ನು ಕೇಳಲಿ. ಆಗ ಮಕ್ಕಳೇ ಮಕ್ಕಳಿಗೆ ಮೇಷ್ಟ್ರಾಗುತ್ತಾರೆ.

ಅದೇ ದಿನ ಭಾಷೆಯ ಮಾತು. ಮೌಸ್, ಫೈಲ್, ಕ್ಲಿಕ್ ಎಂಬ ಪದಗಳನ್ನು ಹಾಗೇ ಬಳಸಿ. ಯಾರಿಗೂ ತಿಳಿಯದ ಪದ ಕಟ್ಟಿ ಮಗುವಿನ ತಲೆ ಮೇಲೆ ಹೇರಬೇಡಿ. ವಿಚಾರವನ್ನು ಮಾತ್ರ ಅದರ ಮನೆಯ ಮಾತಿನಲ್ಲಿ ಹೇಳಿ. ಹಿಟ್ಟು ಇರುವವರೆಗೆ ರೊಟ್ಟಿ ಬಡಿ, ಹಿಟ್ಟು ಮುಗಿದರೆ ನಿಲ್ಲಿಸು. ಇದೇ ಲೂಪ್. ಮೋಡ ಕವಿದರೆ ತಾಡಪತ್ರಿ ಹೊದಿಸು, ಇಲ್ಲದಿದ್ದರೆ ಬಿಡು. ಇದೇ ಷರತ್ತು. ಈ ಎರಡು ತಿಳಿದ ಮಗುವಿಗೆ ಪ್ರೋಗ್ರಾಮಿಂಗಿನ ಅರ್ಧ ತಿಳಿದಂತೆ.

ನಿಮ್ಮಲ್ಲಿ ಬೆಂಗಳೂರು, ಮೈಸೂರು ಕಡೆಯವರಿದ್ದರೆ ಒಂದು ಎಚ್ಚರ. "ಸರ್ರ, ಇದು ನಮಗ ಬರತದೇನ್ರಿ?" ಎಂದು ಕೇಳುವ ಮಗುವಿನ ಕನ್ನಡವನ್ನು ತಿದ್ದಲು ಹೋಗಬೇಡಿ, ನಗಬೇಡಿ. ಅದು ಅಪ್ಪಟ ಕನ್ನಡ. ಆ ತರಗತಿಯಲ್ಲಿ ಮನೆಯಲ್ಲಿ ಉರ್ದು ಆಡುವ ಮಗು ಇರುತ್ತದೆ, ತಾಂಡಾದಿಂದ ಬಂದ ಲಂಬಾಣಿ ಆಡುವ ಮಗು ಇರುತ್ತದೆ, ಗಡಿಯಾಚೆಯ ಜತ್ತ ಕಡೆಯ ನಂಟಿನಿಂದ ಮರಾಠಿ ಆಡುವ ಮಗುವೂ ಇರುತ್ತದೆ. ಇವರೆಲ್ಲ ಕನ್ನಡ ಶಾಲೆಗೆ ಬಂದ ಕನ್ನಡದ ಮಕ್ಕಳೇ. ಕನ್ನಡ ಅವರಿಗೆ ಬಾಗಿಲಾಗಬೇಕು, ಗೋಡೆಯಾದರೆ ನಮ್ಮ ಚಳವಳಿಗೆ ಅವಮಾನ.

ಮೂರನೇ ಭಾನುವಾರ ಮಕ್ಕಳ ರಕ್ಷಣೆ. ಇದರಲ್ಲಿ ಸಡಿಲ ಇಲ್ಲ. 2012ರ ಪೋಕ್ಸೊ ಕಾಯ್ದೆಯನ್ನು ಪ್ರತಿಯೊಬ್ಬರೂ ಓದಿರಬೇಕು. ಯಾವ ಹೊತ್ತಿನಲ್ಲೂ ಕೋಣೆಯಲ್ಲಿ ಇಬ್ಬರು ದೊಡ್ಡವರು ಇರಬೇಕು, ಬಾಗಿಲು ತೆರೆದಿರಬೇಕು. ಮಗುವಿನ ಫೋನ್ ನಂಬರ್ ಮಾರ್ಗದರ್ಶಕರು ಪಡೆಯಕೂಡದು, ಮಾತು ಏನಿದ್ದರೂ ಮೇಷ್ಟ್ರ ಮೂಲಕ, ತಂದೆತಾಯಿಯ ಮೂಲಕ. ತಂದೆತಾಯಿಯ ಒಪ್ಪಿಗೆ ಕಾಗದವಿಲ್ಲದೆ ಯಾವ ಮಗುವನ್ನೂ ಸೇರಿಸಬಾರದು. ಫೋಟೊ ತೆಗೆದು ಊರಿಗೆಲ್ಲ ಹಂಚುವ ಚಟವನ್ನು ಗೇಟಿನ ಹೊರಗೇ ಬಿಟ್ಟುಬನ್ನಿ. ಯಾರಾದರೂ ಈ ನಿಯಮ ಮುರಿದರೆ, ಅವರು ಎಷ್ಟೇ ದೊಡ್ಡ ಕನ್ನಡ ಹೋರಾಟಗಾರರಾಗಿರಲಿ, ಅದೇ ದಿನ ಹೊರಗೆ ಹಾಕಿ. ಕಾಯ್ದೆಯ ವ್ಯಾಪ್ತಿಗೆ ಬರುವ ತಪ್ಪಾದರೆ ಪೊಲೀಸರಿಗೆ ತಿಳಿಸಿ. ಸಂಘಟನೆಯ ಹೆಸರು ಉಳಿಸಲು ಮುಚ್ಚಿಹಾಕಬೇಡಿ.

ನಾಲ್ಕನೇ ಭಾನುವಾರ ಒಂದು ಪ್ರಯೋಗ ಪಾಠ. ಒಬ್ಬರು ಕಲಿಸಲಿ, ಉಳಿದವರು ಮಕ್ಕಳಂತೆ ಕುಳಿತು ಮಕ್ಕಳ ಪ್ರಶ್ನೆ ಕೇಳಲಿ. ಕರೆಂಟು ಹೋಯಿತು ಎಂದುಕೊಳ್ಳಿ, ನೆಟ್ವರ್ಕ್ ಇಲ್ಲ ಎಂದುಕೊಳ್ಳಿ, ಆಗ ಏನು ಪಾಠ? ಕಾಗದ, ಹುಣಸೆಬೀಜ ಇಟ್ಟುಕೊಂಡು ಆಜ್ಞೆಗಳ ಸರಣಿ ಕಲಿಸಲು ಬರಬೇಕು.

ಮಕ್ಕಳು ಏನು ಮಾಡಬೇಕು

ಎಂಟು, ಒಂಬತ್ತನೇ ತರಗತಿಯ ಮಕ್ಕಳನ್ನು ತೆಗೆದುಕೊಳ್ಳಿ. ಹತ್ತರ ಮಕ್ಕಳಿಗೆ ಪರೀಕ್ಷೆಯ ಭಾರ ಸಾಕು. ಜುಲೈ ಮೊದಲ ಶನಿವಾರ ಶುರುಮಾಡಿ, ದಸರಾ ರಜೆಗೆ ಮೊದಲೇ ಮುಗಿಸಿ. ಇದಕ್ಕೆ ಕಾರಣವಿದೆ. ಈ ಭಾಗದ ತಾಂಡಾಗಳಿಂದ ಕುಟುಂಬಗಳು ಮಹಾರಾಷ್ಟ್ರದ ಕಡೆಗೆ ಕಬ್ಬು ಕಡಿಯಲು, ಗೋವಾದ ಕಡೆಗೆ ಕಟ್ಟಡದ ಕೆಲಸಕ್ಕೆ ಹೊರಡುವುದು ಹಬ್ಬಗಳ ನಂತರ. ಹನ್ನೆರಡು ವಾರ ಅದಕ್ಕೆ ಮೊದಲು ಮುಗಿದರೆ ಆ ಮಕ್ಕಳಿಗೂ ಪೂರ್ತಿ ಪಾಠ ಸಿಗುತ್ತದೆ. ನವೆಂಬರಿನಲ್ಲಿ ರಾಜ್ಯೋತ್ಸವದ ಹುರುಪಿನಲ್ಲಿ ಶುರುಮಾಡಿದರೆ, ಯಾರಿಗೆ ಹೆಚ್ಚು ಬೇಕೋ ಅವರೇ ಇರುವುದಿಲ್ಲ.

ಮೊದಲ ಎರಡು ವಾರ ಕನ್ನಡದಲ್ಲಿ ಬರೆಯುವುದು. ಮುಂದಿನ ನಾಲ್ಕು ವಾರ ಲೆಕ್ಕದ ಹಾಳೆ, ಸಣ್ಣ ಪ್ರೋಗ್ರಾಮ್. ಉಳಿದ ಆರು ವಾರ ತಮ್ಮ ಊರಿನ ಒಂದು ಸಮಸ್ಯೆ ಹಿಡಿದು ಏನಾದರೂ ಕಟ್ಟುವುದು. ಅಮೆರಿಕದಲ್ಲಿ 2010ರಲ್ಲಿ ಶುರುವಾದ 'ಟೆಕ್ನೋವೇಷನ್' ಎಂಬ ಹುಡುಗಿಯರ ಕಾರ್ಯಕ್ರಮದ ತಿರುಳೂ ಇದೇ: ಊರಿನ ತೊಂದರೆ ಗುರುತಿಸು, ಗುಂಪಾಗಿ ಕೂತು ಅದಕ್ಕೊಂದು ಆಪ್ ಮಾಡು.

ತಿಕೋಟಾ ಕಡೆ ದ್ರಾಕ್ಷಿ ತೋಟಗಳು. ಹಣ್ಣನ್ನು ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಹರವಿ, ಸುಮಾರು ಹದಿನೈದು ದಿನ ಒಣಗಿಸಿದರೆ ಒಣದ್ರಾಕ್ಷಿ. ನಡುವೆ ಅಕಾಲ ಮಳೆ ಬಂದರೆ ಬಣ್ಣ ಕೆಡುತ್ತದೆ, ದರ ಬೀಳುತ್ತದೆ. ಎಷ್ಟು ಹಣ್ಣು ಹಾಕಿದೆ, ಎಷ್ಟು ದಿನವಾಯಿತು, ಎಷ್ಟು ಒಣದ್ರಾಕ್ಷಿ ಬಂತು, ತಾಸಗಾಂವ, ಸಾಂಗಲಿ ಪೇಟೆಯಲ್ಲಿ ದರ ಎಷ್ಟು, ಇಲ್ಲಿ ಎಷ್ಟು, ಈ ಲೆಕ್ಕವನ್ನು ಕನ್ನಡದಲ್ಲಿ ಇಡುವ ಸಣ್ಣ ಪ್ರೋಗ್ರಾಮನ್ನು ಒಂಬತ್ತನೇ ತರಗತಿಯ ಹುಡುಗಿ ಬರೆದಳೆಂದರೆ, ಅವಳ ಅಪ್ಪ ನಾಳೆ ಅವಳನ್ನು ಶಾಲೆ ಬಿಡಿಸುವ ಮಾತಾಡುವ ಮೊದಲು ಒಂದು ಸಲ ಯೋಚಿಸುತ್ತಾನೆ. ಬಬಲೇಶ್ವರ ಕಡೆ ಏತ ನೀರಾವರಿಯ ಕಾಲುವೆಗಳು ಬಂದಿವೆ, ಮಮದಾಪುರದ ದೊಡ್ಡ ಕೆರೆಯಿದೆ. ವಾರಕ್ಕೊಮ್ಮೆ ಕೆರೆಯ ನೀರಿನ ಮಟ್ಟ ಅಳೆದು ನಕ್ಷೆ ಬರೆಯಲಿ. ಯಂತ್ರದ ಕೊರತೆಯಿದ್ದರೆ ಶಾಲೆಯ ಬೀಗದ ಕೋಣೆ ತೆಗೆಸಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳಾಗಿವೆ, ಅಲ್ಲಿ ಕಂಪ್ಯೂಟರ್ ಇದ್ದರೆ ಅನುಮತಿ ಕೇಳಿ. ಮುಖ್ಯೋಪಾಧ್ಯಾಯರ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಲಿಖಿತ ಅನುಮತಿಯಿಲ್ಲದೆ ಶಾಲೆಯ ಹೊಸ್ತಿಲು ತುಳಿಯಬೇಡಿ.

ಸರ್ಕಾರಕ್ಕೆ ಬಿಡುಗಡೆ ಇಲ್ಲ

ನಾವು ಮಾಡುತ್ತೇವೆ ಎಂದ ಮಾತ್ರಕ್ಕೆ ಸರ್ಕಾರದ ಹೊಣೆ ತಪ್ಪುವುದಿಲ್ಲ. ನಂಜುಂಡಪ್ಪ ಸಮಿತಿ 2002ರಲ್ಲಿ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಎಂದು ಪಟ್ಟಿ ಕೊಟ್ಟಿತು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಉತ್ತರ ಭಾಗದವು. ಪ್ರತಿ ಸರ್ಕಾರಿ ಪ್ರೌಢಶಾಲೆಗೆ ಕಂಪ್ಯೂಟರ್ ಶಿಕ್ಷಕರ ಕಾಯಂ ಹುದ್ದೆ ಬೇಕು. ಗಣಕ ಪಾಠದ ಪ್ರಾಯೋಗಿಕ ಪುಸ್ತಕ ಸರಳ ಕನ್ನಡದಲ್ಲಿ ಬೇಕು. ಶಾಲೆಗೆ ಕೊಡುವ ಪ್ರತಿ ಯಂತ್ರದಲ್ಲೂ ಕನ್ನಡ ಕೀಲಿಮಣೆ ಸಿದ್ಧವಿರಬೇಕು. ಇವು ನಮ್ಮ ಬೇಡಿಕೆಗಳು. ಹನ್ನೆರಡು ಶನಿವಾರ ಕಲಿಸಿ, ಏನು ಇದೆ ಏನು ಇಲ್ಲ ಎಂದು ಕಣ್ಣಾರೆ ಕಂಡು ಬರೆದ ಮನವಿಗೆ ಇರುವ ತೂಕ ಬೇರೆ. ಜಿಲ್ಲಾಧಿಕಾರಿ ಕಚೇರಿಯ ಮುಂದೆ ಆ ಮನವಿ ಹಿಡಿದು ನಿಂತಾಗ ನಮ್ಮನ್ನು ಯಾರೂ ಬರೀ ಕೂಗುವವರು ಎನ್ನಲಾರರು.

ಗೆಳೆಯರೆ, ಗೋಳಗುಮ್ಮಟದೊಳಗೆ ಒಂದು ಸಲ ಕೂಗಿದರೆ ಏಳು ಸಲ ಕೇಳುತ್ತದೆ. ಹೊರಗೆ ಬಂದರೆ ಏನೂ ಉಳಿಯುವುದಿಲ್ಲ. ನಮ್ಮ ಘೋಷಣೆಗಳಿಗೂ ಆ ಗತಿ ಬರಬಾರದು. ಒಂದು ಎಚ್ಚರ ಮಾತ್ರ ಇರಲಿ. ಅರ್ಧಕ್ಕೆ ಬಿಡುವವರು ಶುರುಮಾಡಲೇ ಬೇಡಿ. ನೀವು ನಾಲ್ಕು ವಾರ ಬಂದು ಐದನೇ ವಾರ ಕಾಣೆಯಾದರೆ, ಕಾದು ಕುಳಿತ ಹದಿನೈದು ಮಕ್ಕಳು ಕಲಿಯುವ ಪಾಠ ಒಂದೇ: ಕನ್ನಡದ ಹೆಸರು ಹೇಳಿಕೊಂಡು ಬರುವವರನ್ನು ನಂಬಬಾರದು. ಆ ಪಾಠ ಒಮ್ಮೆ ಕಲಿತರೆ ಅವರು ಮರೆಯುವುದಿಲ್ಲ.

ಬಾಗಿಲ ಬಳಿ ಮೇಜಿನ ಮೇಲೆ ಒಂದು ಪುಸ್ತಕ ಇಟ್ಟಿದೆ. ಹೆಸರು, ಓದಿದ ಶಾಲೆ, ಬರುವ ಬಸ್ ದಾರಿ, ಈ ಮೂರನ್ನೇ ಬರೆಯಿರಿ. ಈ ಪತ್ರಿಕೆಯಲ್ಲಿ ಓದುತ್ತಿರುವ ನೀವು, ಯಾವ ಊರಿನವರೇ ಆಗಿರಿ, ಪತ್ರಿಕೆ ಕೊಟ್ಟ ಕಾರ್ಯಕರ್ತನ ಕೈಗೆ ಅದೇ ಮೂರು ವಿವರ ಬರೆದುಕೊಡಿ. ನಿಮ್ಮ ಊರಿನ ಪಕ್ಕದಲ್ಲೂ ಒಂದು ತಿಕೋಟಾ ಇದೆ, ಒಂದು ಬಬಲೇಶ್ವರ ಇದೆ. ಹನ್ನೆರಡು ಶನಿವಾರ ಕೊಡುವವರು ಈಗ ಕೈ ಎತ್ತಿ.